ಅಟ್ಟದಿಂದ ಇಳಿದ ಟ್ರಂಕು: ಕ್ರಿಸ್ಮಸ್ ಗುಂಡುಗಳ ದುರಸ್ತಿ ದಿನಚರಿ

ಅಕ್ಟೋಬರ್ 5, ಭಾನುವಾರ

ಈ ಕೆಲಸಕ್ಕೆ ಕಾರಣವಾದದ್ದು ಎದುರು ಮನೆಯ ದಸರಾ ಗೊಂಬೆಗಳು. ವಿಜಯದಶಮಿ ಕಳೆದು ಮೂರು ದಿನವಾಗಿತ್ತು. ಎದುರು ಮನೆಯ ಅಜ್ಜಿಗೆ ಮಂಡಿನೋವು, ಬಗ್ಗಿ ಏಳುವುದು ಕಷ್ಟ. ಗೊಂಬೆ ಕಟ್ಟಿಡುವುದಕ್ಕೆ ನನ್ನನ್ನು ಕರೆದರು. ಪಟ್ಟದ ಗೊಂಬೆಗಳ ಸೀರೆ, ಪಂಚೆ ಬಿಚ್ಚಿ, ಒಂದೊಂದನ್ನೂ ಹಳೆಯ ಮಲ್ ಪಂಚೆಯ ತುಂಡಿನಲ್ಲಿ ಸುತ್ತಿ, ನಡುನಡುವೆ ಬಜೆಯ ಬೇರು ಇಟ್ಟು ಪೆಟ್ಟಿಗೆ ತುಂಬಿದೆವು. ಪ್ರತಿ ಗೊಂಬೆ ಕೈಗೆ ಬಂದಾಗಲೂ ಅದು ಯಾರ ತವರಿನಿಂದ ಬಂದದ್ದು, ಯಾವ ವರ್ಷ ಯಾವ ಮಗು ಅದರ ಮೂಗನ್ನು ಮುಕ್ಕು ಮಾಡಿತು ಎಂದು ಅಜ್ಜಿ ಹೇಳುತ್ತಲೇ ಇದ್ದರು. ಮುಕ್ಕಾದ ಮೂಗಿಗೆ ಬಣ್ಣ ಹಚ್ಚಿಸಬಹುದಲ್ಲ ಎಂದೆ. "ಹಚ್ಚಿಸಿದರೆ ಇದು ನಮ್ಮ ಅತ್ತೆಯ ಗೊಂಬೆಯಾಗಿ ಉಳಿಯುವುದಿಲ್ಲಮ್ಮ, ಅಂಗಡಿಯ ಗೊಂಬೆಯಾಗುತ್ತದೆ" ಎಂದರು.

ಮನೆಗೆ ಬಂದವಳಿಗೆ ನಮ್ಮ ಅಟ್ಟದ ಟ್ರಂಕು ನೆನಪಾಯಿತು. ಅದರಲ್ಲಿ ಅಮ್ಮನ ಕಡೆಯ ಕ್ರಿಸ್ಮಸ್ ಸಾಮಾನುಗಳಿವೆ. ಅಪ್ಪ ತೀರಿಕೊಂಡ ಮೇಲೆ, ಅಂದರೆ 2009ರಿಂದ ಈಚೆಗೆ, ಅದನ್ನು ಯಾರೂ ತೆರೆದಿಲ್ಲ. ಪ್ರತಿ ಡಿಸೆಂಬರಿನಲ್ಲಿ ಪೇಟೆಯಿಂದ ಪ್ಲಾಸ್ಟಿಕ್ ಗುಂಡು ತಂದು ಕ್ರಿಸ್ಮಸ್ ಮರಕ್ಕೆ ತೂಗುಹಾಕುತ್ತೇವೆ, ಜನವರಿಯಲ್ಲಿ ಅರ್ಧ ಕಸಕ್ಕೆ ಹೋಗುತ್ತದೆ. ಅಮ್ಮನಿಗೆ ಈಗ 76. ಯಾವ ಗುಂಡು ಯಾರದ್ದು ಎಂದು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ.

ನವೆಂಬರ್ 9, ಭಾನುವಾರ

ಟ್ರಂಕು ಇಳಿಸಿದ್ದಾಯಿತು. ನಮ್ಮದು ಲಷ್ಕರ್ ಮೊಹಲ್ಲಾದ ಹೆಂಚಿನ ಮನೆ. ಮಹಡಿಯ ಮೆಟ್ಟಿಲಿನಿಂದ ಫಿಲೋಮಿನಾ ಚರ್ಚ್‌ನ ಜೋಡಿ ಗೋಪುರಗಳ ತುದಿ ಕಾಣಿಸುತ್ತದೆ. ಅಮ್ಮನ ಅಪ್ಪ ದೋರನಹಳ್ಳಿಯವರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈ ಚರ್ಚ್‌ಗೆ ಅಡಿಗಲ್ಲು ಇಟ್ಟರು. ಆಮೇಲೆ ಕಲ್ಲು ಕೆಲಸಕ್ಕೆಂದು ಬಂದ ಅಜ್ಜ ಊರಿಗೆ ಹಿಂದಿರುಗದೆ ಇಲ್ಲೇ ನೆಲೆಸಿದರು. ಟ್ರಂಕು ಅವರದೇ. ಮುಚ್ಚಳದ ಒಳಮೈಯಲ್ಲಿ ಅವರ ಹೆಸರಿನ ಮೊದಲ ಅಕ್ಷರ ಬಿಳಿ ಬಣ್ಣದಲ್ಲಿ ಇನ್ನೂ ಇದೆ.

ತೆರೆದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ಯಾರೋ ಒಂದು ಹಿಡಿ ಸುರಿದಿದ್ದರು. ಅದರ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಮಣಿಸರ ಮೆತ್ತಗಾಗಿ ಒಂದಕ್ಕೊಂದು ಅಂಟಿ ಹಲಸಿನ ಅಂಟಿನಂತೆ ಎಳೆಯುತ್ತಿತ್ತು. ಅದನ್ನು ಉಳಿಸುವ ದಾರಿ ಇರಲಿಲ್ಲ. ಉಳಿದದ್ದನ್ನು ಹಾಸಿಗೆಯ ಮೇಲೆ ಬಿಳಿ ದುಪ್ಪಟಿ ಹಾಸಿ ಹರವಿದೆ: ಗಾಜಿನ ಗುಂಡು ಹನ್ನೊಂದು, ಅವುಗಳಲ್ಲಿ ಮೂರು ಚೂರಾಗಿವೆ, ಅಪ್ಪ ಮಾಡಿದ ತಗಡಿನ ನಕ್ಷತ್ರ ಒಂದು, ಚಿನ್ನದ ಬಣ್ಣ ಬಳಿದ ಅಕ್ರೋಟಿನ ಚಿಪ್ಪು ಎರಡು, ಹಿತ್ತಾಳೆಯ ಸಣ್ಣ ಗಂಟೆ ಒಂದು, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಮಣ್ಣಿನ ಬೊಂಬೆಗಳಲ್ಲಿ ಉಳಿದ ಐದು. ಯೇಸುವನ್ನು ನೋಡಲು ಬಂದ ಮೂವರು ರಾಯರಲ್ಲಿ ಒಬ್ಬರೂ ಉಳಿದಿಲ್ಲ.

ಗುಂಡುಗಳನ್ನು 1996ರ ಡಿಸೆಂಬರ್ ತಿಂಗಳ ಸುದ್ದಿಪತ್ರಿಕೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚುವಾಗ ಕಾಗದ ಹಪ್ಪಳದಂತೆ ಮುರಿಯಿತು. ಒಂದು ಬೆಳ್ಳಿ ಗುಂಡಿನ ಹೊಟ್ಟೆಯ ಮೇಲೆ ಪತ್ರಿಕೆಯ ಶಾಯಿ ಇಳಿದು ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಅಚ್ಚಾಗಿವೆ. ಎರಡು ಸಾಲು, ಭತ್ತದ ಧಾರಣೆಯ ಸುದ್ದಿ. ಕನ್ನಡಿ ಹಿಡಿದು ಓದಿದೆವು. ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತರು. ಅಪ್ಪ ಸುತ್ತಿಟ್ಟದ್ದಂತೆ ಅದು. ಬೇರೆ ಯಾರೂ ಅಷ್ಟು ಬಿಗಿಯಾಗಿ ಸುತ್ತುವುದಿಲ್ಲವಂತೆ.

ಆ ಅಚ್ಚನ್ನು ಅಳಿಸಬಾರದು ಎಂದು ಅಲ್ಲೇ ತೀರ್ಮಾನ ಮಾಡಿದೆ. ಈ ಟ್ರಂಕಿನಲ್ಲಿ ನನ್ನ ಕೆಲಸ ಯಾವುದನ್ನೂ ಹೊಸದಾಗಿಸುವುದಲ್ಲ. ಕೆಡುತ್ತಿರುವುದನ್ನು ಇದ್ದಲ್ಲಿಗೆ ನಿಲ್ಲಿಸಬೇಕು, ಯಾರದ್ದು ಎಂಬುದನ್ನು ಬರೆದಿಡಬೇಕು.

ನವೆಂಬರ್ 15, ಶನಿವಾರ

ಇಂದು ಒಂದು ತಪ್ಪು ಮಾಡಿದೆ. ಬೇರೆಯವರಾದರೂ ಮಾಡದಿರಲಿ ಎಂದು ವಿವರವಾಗಿ ಬರೆಯುತ್ತೇನೆ.

ಕೆಂಪು ಗುಂಡಿನ ಮೇಲೆ ಹೊಗೆ ಕೂತಂತೆ ಮಂಕು ಇತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕುತ್ತಿಗೆಯ ಹತ್ತಿರ ಒಂದೇ ಸಲ ಒರೆಸಿದೆ. ಹತ್ತಿ ಕುಂಕುಮ ಮುಟ್ಟಿದಂತೆ ಕೆಂಪಾಯಿತು. ಗುಂಡಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲ ಬಣ್ಣವೇ ಹೋಗಿ ಒಳಗಿನ ಬೆಳ್ಳಿ ಬೆತ್ತಲೆಯಾಗಿ ಹೊಳೆಯಿತು. ಅರವತ್ತು ವರ್ಷ ತಡೆದುಕೊಂಡ ಬಣ್ಣ, ನನ್ನ ಕೈಯಲ್ಲಿ ಎರಡು ಸೆಕೆಂಡು ತಡೆಯಲಿಲ್ಲ. ತುಂಬ ಹೊತ್ತು ಅದನ್ನು ನೋಡುತ್ತಾ ಕುಳಿತಿದ್ದೆ.

ಕಾರಣ ತಿಳಿದುಕೊಂಡ ಮೇಲೆ ಉಳಿದ ಏಳು ಗುಂಡುಗಳನ್ನು ಮುಟ್ಟುವ ಧೈರ್ಯ ಬಂತು. ಈ ಗುಂಡುಗಳು ಒಂದರೊಳಗೊಂದು ಮೂರು ಪದರ. ನಡುವೆ ಮೊಟ್ಟೆಯ ಚಿಪ್ಪಿನಂಥ ತೆಳು ಗಾಜು. ಒಳಮೈಗೆ ಬೆಳ್ಳಿಯ ಲೇಪ. ಹೊರಮೈಗೆ ಬಣ್ಣದ ಅರಗು. ಜರ್ಮನಿಯ ಥೂರಿಂಗಿಯಾ ಸೀಮೆಯ ಲೌಷಾ ಎಂಬ ಗಾಜುಗಾರರ ಊರಿನಲ್ಲಿ 19ನೇ ಶತಮಾನದ ನಡುಭಾಗದಲ್ಲಿ ಇಂಥ ಗುಂಡುಗಳನ್ನು ಊದಲು ಶುರು ಮಾಡಿದರು. ಗಾಜಿನ ಕೊಳವೆಯನ್ನು ಉರಿಯಲ್ಲಿ ಕಾಯಿಸಿ ಬಾಯಿಂದ ಊದುವುದು, ಕೊಳವೆಯ ತುಂಡನ್ನೇ ಕುತ್ತಿಗೆಯಾಗಿ ಉಳಿಸುವುದು, ಆ ಕುತ್ತಿಗೆಯಿಂದ ದ್ರಾವಣ ಸುರಿದು ಅಲ್ಲಾಡಿಸಿ ಒಳಗೆಲ್ಲ ಹೊಳಪು ಹಿಡಿಸುವುದು. ಮೊದಮೊದಲು ಆ ಹೊಳಪಿಗೆ ಸೀಸದಂಥ ಲೋಹ ಬಳಸುತ್ತಿದ್ದರು. ಯುಸ್ಟುಸ್ ಫಾನ್ ಲೀಬಿಗ್ ಎಂಬ ರಸಾಯನ ವಿಜ್ಞಾನಿ ಸಿಲ್ವರ್ ನೈಟ್ರೇಟಿನಿಂದ ಗಾಜಿಗೆ ಬೆಳ್ಳಿ ಹಿಡಿಸುವ ವಿಧಾನ ರೂಪಿಸಿದ ಮೇಲೆ ಬೆಳ್ಳಿಯೇ ಬಂತು. ಕನ್ನಡಿ ಹೊರಗಿನಿಂದ ಹೊಳೆಯುತ್ತದೆ ಎಂದು ನಾವು ತಿಳಿಯುತ್ತೇವೆ, ಆದರೆ ಹೊಳೆಯುವುದು ಒಳಗೋಡೆ. ಹೊರಗಿನ ಬಣ್ಣಕ್ಕೆ ನೀರು ಆಗದು. ಕುತ್ತಿಗೆಯಿಂದ ತೇವ ಇಳಿದರೆ ಒಳಗಿನ ಬೆಳ್ಳಿಯೂ ಸುಲಿದು ಉದುರುತ್ತದೆ. ಗಾಜಿನ ಕಿಟಕಿ ಒರೆಸುವ ನೀಲಿ ದ್ರವವಂತೂ ಇದಕ್ಕೆ ವಿಷ.

ಆದ್ದರಿಂದ ಒಣ ಕೆಲಸ ಮಾತ್ರ. ಮಗಳ ಚಿತ್ರಕಲೆಯ ಪೆಟ್ಟಿಗೆಯಿಂದ ಆರನೇ ನಂಬರಿನ ಮೆದು ಕುಂಚ ತೆಗೆದುಕೊಂಡು, ಗುಂಡನ್ನು ಮಡಚಿದ ಟವೆಲಿನ ಗುಳಿಯಲ್ಲಿ ಕೂರಿಸಿ, ಕುತ್ತಿಗೆಯಿಂದ ಕೆಳಕ್ಕೆ ಧೂಳು ಸರಿಸಿದೆ. ಬಣ್ಣ ಹಕ್ಕಳೆ ಎದ್ದಿರುವ ಕಡೆ ಕುಂಚವನ್ನೂ ತಾಗಿಸಲಿಲ್ಲ. ಕೈಯ ಬೆವರು ತಾಗದಿರಲೆಂದು ಹತ್ತಿಯ ಕೈಗವಸು ಹಾಕಿಕೊಂಡಿದ್ದೆ, ಅದು ಜಾರುತ್ತದೆ ಎಂದು ಆಮೇಲೆ ತಿಳಿಯಿತು. ತೆಳು ರಬ್ಬರ್ ಕೈಗವಸು ವಾಸಿ. ಒಂದು ಗುಂಡಿಗೆ ಇಪ್ಪತ್ತು ನಿಮಿಷ. ಮಂಕು ಅರ್ಧದಷ್ಟು ಹೋಯಿತು. ಇನ್ನರ್ಧ ಒಳಗಿನದು, ಅದು ಹೋಗುವುದಿಲ್ಲ. ಇರಲಿ.

ಬಣ್ಣ ಹೋದ ಕೆಂಪು ಗುಂಡಿಗೆ ಬಣ್ಣ ಹಚ್ಚಲಿಲ್ಲ. ಅಮ್ಮನಿಗೆ ತೋರಿಸಿ ತಪ್ಪೊಪ್ಪಿಕೊಂಡೆ. "ಇದರಲ್ಲಿ ಈಗ ನೀನೂ ಇದ್ದೀಯಲ್ಲ ಮಗಳೇ" ಎಂದರು.

ನವೆಂಬರ್ 22, ಶನಿವಾರ

ಟೊಪ್ಪಿಗೆಗಳ ದಿನ. ಗುಂಡಿನ ಕುತ್ತಿಗೆಯ ಮೇಲೆ ಕೂರುವ ತಗಡಿನ ಮುಚ್ಚಳಕ್ಕೆ ನಮ್ಮ ಮನೆಯಲ್ಲಿ ಟೊಪ್ಪಿಗೆ ಎಂದೇ ಹೆಸರು. ಅದರ ಸೀಳಿನಿಂದ ಕೆಳಗೆ ಇಳಿಯುವ ತಂತಿಗೆ ಎರಡು ಕಾಲು. ಕಾಲುಗಳನ್ನು ಒತ್ತಿ ಕುತ್ತಿಗೆಯೊಳಗೆ ಇಳಿಸಿದರೆ ಒಳಗೆ ಅಗಲವಾಗಿ ಚಾಚಿಕೊಂಡು ಹಿಡಿಯುತ್ತವೆ. ಗುಂಡಿನ ಪೂರ್ತಿ ಭಾರ ಹೊರುವುದು ಈ ಎರಡು ಕಾಲು. ಎಂಟರಲ್ಲಿ ಐದರ ಕಾಲು ತುಕ್ಕು ತಿಂದು ಸಣಕಲಾಗಿದ್ದವು. ಒಂದರ ಟೊಪ್ಪಿಗೆಯೇ ಇರಲಿಲ್ಲ.

ಮೊದಲು ತಾಮ್ರದ ತಂತಿಯಲ್ಲಿ ಮಾಡಿದೆ. ನೋಡಲು ಚಂದ, ಬಗ್ಗಿಸಲು ಸುಲಭ. ಹಸಿರು ಗುಂಡಿಗೆ ಹಾಕಿ ಬಾಗಿಲ ಚಿಲಕಕ್ಕೆ ತೂಗುಹಾಕಿ, ಕೆಳಗೆ ದಿಂಬು ಇಟ್ಟು ಕಾಫಿ ಕುಡಿಯಲು ಹೋದೆ. ಹಿಂದಿರುಗುವಷ್ಟರಲ್ಲಿ ಗುಂಡು ದಿಂಬಿನ ಮೇಲಿತ್ತು, ಟೊಪ್ಪಿಗೆ ಚಿಲಕದಲ್ಲಿತ್ತು. ದಿಂಬು ಇಟ್ಟದ್ದು ನನ್ನ ಪುಣ್ಯ. ತಾಮ್ರ ಬಗ್ಗಿದರೆ ಬಗ್ಗಿದ ಹಾಗೇ ಇರುತ್ತದೆ, ಹಿಂದಕ್ಕೆ ಚಿಮ್ಮುವುದಿಲ್ಲ. ಇಲ್ಲಿ ಬೇಕಾದದ್ದು ಚಿಮ್ಮುವ ಉಕ್ಕು.

ಉಕ್ಕು ಸಿಕ್ಕಿದ್ದು ಚರ್ಚ್‌ನ ಗಾಯನ ವೃಂದದಲ್ಲಿ. ಗಿಟಾರ್ ನುಡಿಸುವ ಹುಡುಗ ತಂತಿ ಬದಲಾಯಿಸಿದಾಗ ಹಳೆಯದನ್ನು ಸುರುಳಿ ಸುತ್ತಿ ಇಟ್ಟಿರುತ್ತಾನೆ. ಕೆಳಗಿನಿಂದ ಎರಡನೆಯ ತಂತಿ ಮೇಲೆ ಸುತ್ತುತಂತಿಯಿಲ್ಲದ ಬರಿಯ ಉಕ್ಕು, ದಪ್ಪ ಸುಮಾರು 0.4 ಮಿ.ಮೀ. ಹಳೆಯ ಕಾಲುಗಳ ದಪ್ಪಕ್ಕೆ ಸರಿಹೋಯಿತು. ಏಳು ಸೆಂಟಿಮೀಟರ್ ತುಂಡು ಕತ್ತರಿಸಿ, ನಡುವೆ ಪೆನ್ಸಿಲಿಗೆ ಸುತ್ತಿ ಕುಣಿಕೆ ಮಾಡಿ, ಎರಡು ಕಾಲನ್ನೂ ಟೊಪ್ಪಿಗೆಯ ಸೀಳಿನಿಂದ ಇಳಿಸಿ, ತುದಿಗಳನ್ನು ಹೊರಕ್ಕೆ ಸ್ವಲ್ಪ ಬಗ್ಗಿಸಬೇಕು. ಕತ್ತರಿಸಿದ ತುದಿ ಸೂಜಿಯಂತಿರುತ್ತದೆ. ಅದನ್ನು ಅರದಲ್ಲಿ ಉಜ್ಜಿ ಗುಂಡಗೆ ಮಾಡದಿದ್ದರೆ ಒಳಗಿನ ಬೆಳ್ಳಿಯನ್ನು ಕೆರೆಯುತ್ತದೆ. ಕತ್ತರಿಸುವಾಗ ಕನ್ನಡಕ ಬೇಕೇ ಬೇಕು. ಒಂದು ತುಂಡು ಚಿಮ್ಮಿ ಗೋಡೆಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ.

ಟೊಪ್ಪಿಗೆಯೇ ಇಲ್ಲದ ನೀಲಿ ಗುಂಡಿಗೆ ಮದುವೆ ಕರೆಯೋಲೆಯ ದಪ್ಪ ರಟ್ಟಿನಿಂದ ಟೊಪ್ಪಿಗೆ ಮಾಡಿದೆ. ರಟ್ಟು ಎಂದರೆ ಕೀಳಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯಿಂದ ಗುಂಡು ಬರುವುದು ನಿಂತಾಗ ಅಮೆರಿಕದ ಕಾರ್ನಿಂಗ್ ಕಾರ್ಖಾನೆ ವಿದ್ಯುತ್ ಬಲ್ಬ್ ಊದುವ ಯಂತ್ರದಲ್ಲೇ ಕ್ರಿಸ್ಮಸ್ ಗುಂಡು ಊದಿತು. ಲೋಹ ಯುದ್ಧಕ್ಕೆ ಹೋಗಿದ್ದರಿಂದ ಆ ವರ್ಷಗಳ ಗುಂಡುಗಳಿಗೆ ಕಾಗದದ ರಟ್ಟಿನದೇ ಟೊಪ್ಪಿಗೆ. ನಮ್ಮ ನೀಲಿ ಗುಂಡಿಗೆ ಅದೇ ಮನೆತನದ ಗೌರವ ಸಂದಂತಾಯಿತು.

ಆರೂ ಗುಂಡುಗಳನ್ನು ರಾತ್ರಿಯಿಡೀ ದಿಂಬಿನ ಮೇಲೆ ತೂಗುಹಾಕಿದ್ದೆ. ಬೆಳಿಗ್ಗೆ ಎಲ್ಲವೂ ಇದ್ದಲ್ಲೇ ಇದ್ದವು.

ನವೆಂಬರ್ 23, ಭಾನುವಾರ

ಒಡೆದ ಮೂರು ಗುಂಡು. ಅಂಟಿಸಲು ಕೂತರೆ ಬರುವುದಿಲ್ಲ. ಚೂರು ಅಷ್ಟು ತೆಳು, ಅಂಚಿನಲ್ಲಿ ಅಂಟು ನಿಲ್ಲುವಷ್ಟು ದಪ್ಪವೇ ಇಲ್ಲ. ಎಸೆಯಲು ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಅಪ್ಪನ ಮೇಜಿನ ಖಾನೆಯಲ್ಲಿ ಖಾಲಿ ಹೋಮಿಯೋಪತಿ ಸೀಸೆಗಳು ಒಂದು ಡಜನ್ ಇದ್ದವು, ಬೆಂಡಿನ ಬಿರಡೆ ಸಮೇತ. ಚೂರುಗಳನ್ನು ಚಿಮುಟದಲ್ಲಿ ಎತ್ತಿ, ಒಂದೊಂದು ಗುಂಡಿನದನ್ನು ಒಂದೊಂದು ಸೀಸೆಗೆ ತುಂಬಿ, ಬಿರಡೆಯ ಮೇಲೆ ಜೇನುಮೇಣ ಕರಗಿಸಿ ಮುಚ್ಚಿದೆ. ಕುತ್ತಿಗೆಗೆ ತೆಳು ಹಿತ್ತಾಳೆ ತಂತಿ ಸುತ್ತಿ ಕುಣಿಕೆ. ಬೆಳಕಿಗೆ ಹಿಡಿದರೆ ಒಳಗೆ ಮೀನಿನ ಹುರುಪೆಯ ರಾಶಿ ಇಟ್ಟಂತೆ ಮಿನುಗುತ್ತದೆ. ಇಡೀ ಗುಂಡಿಗಿಂತ ಇದೇ ಚಂದ ಎಂದಳು ಮಗಳು. ಚೂರು ಮುಟ್ಟಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಹಳೆಯ ಗಾಜಿನ ಒಳಲೇಪ ಬೆರಳಿನಿಂದ ಬಾಯಿಗೆ ಹೋಗಬಾರದು.

ನವೆಂಬರ್ 30, ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಮೊದಲ ಭಾನುವಾರ

ಪೂಜೆ ಮುಗಿಸಿ ಬಂದು ತಗಡಿನ ನಕ್ಷತ್ರಕ್ಕೆ ಕೈಹಾಕಿದೆ.

ಅಪ್ಪ ಮೈಸೂರಿನ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದರು. 1974ರ ಡಿಸೆಂಬರಿನಲ್ಲಿ ಅಕ್ಕ ಹುಟ್ಟಿ ಹದಿನೆಂಟು ದಿನ. ಮನೆಯಲ್ಲಿ ನಕ್ಷತ್ರ ಕೊಳ್ಳುವಷ್ಟು ದುಡ್ಡಿರಲಿಲ್ಲ. ವನಸ್ಪತಿ ಡಬ್ಬವನ್ನು ಕತ್ತರಿಸಿ ಐದು ತುಂಡು ಮಾಡಿ, ಪ್ರತಿ ತುಂಡಿನ ನಡುವೆ ಏಣು ಎಬ್ಬಿಸಿ, ಅಂಚಿಗೆ ಅಂಚು ಬೆಸೆದು ಈ ನಕ್ಷತ್ರ ಮಾಡಿದರು. ಅಂಗೈಯಗಲ. ಹಿಂದುಗಡೆ ತಿರುಗಿಸಿದರೆ ಡಬ್ಬದ ಹಳದಿ ಬಣ್ಣ, ಅರ್ಧ ತುಂಡಾದ ತೆಂಗಿನ ಮರದ ಚಿತ್ರ. ಒಂದು ಮೂಲೆಯಲ್ಲಿ ಮೊಳೆಯಿಂದ ಗೀರಿದ 1974.

ಒಂದು ತೋಳು ಬೆಸುಗೆ ಬಿಟ್ಟು ಜೋತಾಡುತ್ತಿತ್ತು. ಮುಂಭಾಗದಲ್ಲಿ ತುಕ್ಕಿನ ಚುಕ್ಕೆಗಳು. ಮರಳುಕಾಗದ ಹಾಕಿದರೆ ಹೊಳೆಯುತ್ತದೆ, ಆದರೆ ತಗಡಿನ ಮೇಲಿರುವ ತವರದ ಲೇಪವೂ ಹೋಗಿ ಒಳಗಿನ ಕಬ್ಬಿಣ ಇನ್ನಷ್ಟು ತುಕ್ಕು ಹಿಡಿಯುತ್ತದೆ. ಅತಿ ನಯವಾದ ಉಕ್ಕಿನ ನಾರು, ನಾಲ್ಕು ಸೊನ್ನೆಯ ದರ್ಜೆಯದು, ತೆಗೆದುಕೊಂಡು ಚುಕ್ಕೆಯ ಮೇಲೆ ಮಾತ್ರ ಹಗುರಾಗಿ ಉಜ್ಜಿದೆ. ಕೆಂಪು ಪುಡಿ ಹೋಯಿತು, ಕಂದು ಕಲೆ ಉಳಿಯಿತು. ಅಲ್ಲಿಗೆ ನಿಲ್ಲಿಸಿದೆ.

ಬೆಸುಗೆಗೆ ಮೊದಲು ನನ್ನ ಬಳಿ ಇದ್ದ 25 ವ್ಯಾಟಿನ ಸೋಲ್ಡರಿಂಗ್ ಐರನ್ ಹಿಡಿದೆ. ಬೆಸುಗೆ ಹರಿಯಲೇ ಇಲ್ಲ. ಗಂಜಿಯ ಗಂಟಿನಂತೆ ಉಂಡೆಗಟ್ಟಿ ಕೂತು, ಬೆರಳು ತಾಗಿದಾಗ ಉದುರಿತು. ರೇಡಿಯೋ ಒಳಗಿನ ಸಣ್ಣ ತಂತಿಗೆ ಸಾಕಾಗುವ ಕಾವು ಅಂಗೈಯಗಲದ ತಗಡಿಗೆ ಸಾಲದು, ತಗಡು ಕಾವನ್ನೆಲ್ಲ ಹೀರಿ ಹರಡಿಬಿಡುತ್ತದೆ. ಎರಡನೆಯ ತೊಡಕು ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯಲೆಂದು ಮೊದಲು ಸವರುವ ದ್ರವ್ಯ. ರಾಳದ ಫ್ಲಕ್ಸ್ ಹಳೆಯ ತಗಡಿನ ಮೇಲಿನ ಕಿಲುಬನ್ನು ಬಿಡಿಸುವುದಿಲ್ಲ. ತಗಡಿನ ಕೆಲಸದವರು ಬಳಸುವುದು ಸತುವಿನ ಕ್ಲೋರೈಡ್. ಅಪ್ಪನ ಚೀಲದಲ್ಲಿದ್ದ ಬಾಟಲಿ ಒಣಗಿಹೋಗಿತ್ತು; ಹೊಸದು ತಂದೆ. 60 ವ್ಯಾಟಿನ ಐರನ್ನನ್ನು ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನಿಂದ ಎರವಲು ಪಡೆದೆ.

ಎದೆ ಹೊಡೆದುಕೊಂಡದ್ದು ಪಕ್ಕದ ಬೆಸುಗೆಯ ಬಗ್ಗೆ. ಒಂದನ್ನು ಕಾಯಿಸುವಾಗ ಪಕ್ಕದ್ದು ಕರಗಿದರೆ ನಕ್ಷತ್ರ ಐದು ತುಂಡಾಗಿ ಕೈಗೆ ಬರುತ್ತದೆ. ತವರ-ಸೀಸದ ಬೆಸುಗೆ 185 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುತ್ತದೆ. ಉಳಿದ ನಾಲ್ಕು ತೋಳಿಗೂ ಒದ್ದೆ ಬಟ್ಟೆ ಸುತ್ತಿದೆ. ಮಗಳು ಇಕ್ಕಳದಲ್ಲಿ ತೋಳನ್ನು ಹಿಡಿದಳು. ಫ್ಲಕ್ಸ್ ಸವರಿ, ಐರನ್ನಿನ ತುದಿಯನ್ನು ಅಂಚಿಗೆ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿದೆ. ಮೊದಲು ಫ್ಲಕ್ಸ್ ಚುರುಗುಟ್ಟಿ ಹೊಗೆಯಾಡಿತು. ಆಮೇಲೆ, ಅಪ್ಪ ಹಾಕಿದ್ದ ಹಳೆಯ ಬೆಸುಗೆಯ ಮಬ್ಬು ಗೆರೆ ಒಮ್ಮೆಲೇ ಪಾದರಸದಂತೆ ಹೊಳೆದು ತಾನೇ ಹರಿದು ಸಂದಿಗೆ ಇಳಿಯಿತು. ಹೊಸ ಬೆಸುಗೆ ಹೆಚ್ಚು ಬೇಕಾಗಲಿಲ್ಲ, ಅಕ್ಕಿಕಾಳಿನಷ್ಟು. ಐವತ್ತೊಂದು ವರ್ಷದ ಹಿಂದೆ ಅವರು ಹಾಕಿದ್ದೇ ಮತ್ತೆ ಹಿಡಿದುಕೊಂಡಿತು.

ಆರಿದ ಮೇಲೆ ಬಿಸಿನೀರಿನಲ್ಲಿ ಮೂರು ಸಲ ತೊಳೆದು ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದೆ. ಈ ಫ್ಲಕ್ಸ್ ಸ್ವಲ್ಪ ಉಳಿದರೂ ಒಂದೇ ಮಳೆಗಾಲದಲ್ಲಿ ಹೊಸ ತುಕ್ಕು ಬರಿಸುತ್ತದೆ. ಕೊನೆಗೆ ಜೇನುಮೇಣವನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿದೆ.

ಡಿಸೆಂಬರ್ 6 ಮತ್ತು 7

ಈ ವರ್ಷದ ಹೊಸ ಗುಂಡುಗಳು. ಅಕ್ಕನಿಗೊಂದು, ನನಗೊಂದು, ತಮ್ಮನಿಗೊಂದು, ಅಮ್ಮನ ಮನೆಯಲ್ಲೇ ಉಳಿಯುವುದಕ್ಕೆ ಒಂದು. ಒಟ್ಟು ನಾಲ್ಕು.

ಬಟ್ಟೆ ಅಮ್ಮನ ಮದುವೆಯ ಮೈಸೂರು ರೇಷ್ಮೆ ಸೀರೆ, 1971ರದು. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆ ಅದು. ಮಡಿಕೆ ಬದಲಾಯಿಸದೆ ವರ್ಷಗಟ್ಟಲೆ ಬೀರುವಿನಲ್ಲಿದ್ದದ್ದರಿಂದ ಮಡಿಕೆಯ ಗೆರೆಗಳುದ್ದಕ್ಕೂ ಸೀಳಿದೆ. ಉಡಲು ಬರುವುದಿಲ್ಲ. ಆದರೂ ಕತ್ತರಿ ಇಡುವ ಮಾತು ಬಂದಾಗ ಅಕ್ಕ ಫೋನಿನಲ್ಲೇ ಅತ್ತಳು. ಕತ್ತರಿಸು ಎಂದವರು ಅಮ್ಮ. ಮೊದಲ ಕತ್ತರಿ ಹಾಕಿದವರೂ ಅವರೇ.

ಅಂಚನ್ನು ಯಾರೋ ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅದು ತಾಗಿದ್ದ ಕಡೆ ಜರಿಯ ಮೇಲೆ ಕಪ್ಪು ಗೆರೆ ಬಿದ್ದಿದೆ. ಒಳ್ಳೆಯ ಜರಿಯಲ್ಲಿ ಬೆಳ್ಳಿ ಇರುತ್ತದೆ, ರಬ್ಬರಿನಲ್ಲಿ ಗಂಧಕ ಇರುತ್ತದೆ. ಎರಡೂ ಸೇರಿದರೆ ಬೆಳ್ಳಿ ಕಪ್ಪಾಗುತ್ತದೆ. ಗಾಜಿನ ಗುಂಡುಗಳ ಒಳಗೋಡೆಯಲ್ಲಿ ಅಲ್ಲಲ್ಲಿ ಕಂಡ ಕಪ್ಪು ಮೋಡಗಳಿಗೂ ಇದೇ ಮೂಲ, ಗಾಳಿಯಲ್ಲಿರುವ ಗಂಧಕ. ಕಪ್ಪು ಗೆರೆಯ ತುಂಡನ್ನು ಬಿಡಲಿಲ್ಲ, ಅಮ್ಮನ ಗುಂಡಿಗೆ ಅದನ್ನೇ ಹಾಕಿದೆ.

ಒಳಗಿನ ಉಂಡೆಗೆ ಥರ್ಮಾಕೋಲ್ ಬೇಡವೆನಿಸಿತು. ಅಪ್ಪನ ಖಾಕಿ ಅಂಗಿ ಒಂದು ಉಳಿದಿತ್ತು, ಕಾಲರ್ ಸವೆದದ್ದು. ಅದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ನೂಲಿನ ಉಂಡೆ ಸುತ್ತುವಂತೆ ದಿಕ್ಕು ಬದಲಿಸುತ್ತಾ ಬಿಗಿಯಾಗಿ ಸುತ್ತಿ, ಮೇಲೆ ಬಿಳಿ ದಾರ ಓಡಿಸಿದೆ. ಏಳು ಸೆಂಟಿಮೀಟರ್ ಅಡ್ಡಳತೆ ಬರುವವರೆಗೆ. ಹೊರಗಿನಿಂದ ಕಾಣುವುದಿಲ್ಲ. ಒಳಗೆ ಅಪ್ಪನ ಅಂಗಿ, ಹೊರಗೆ ಅಮ್ಮನ ಸೀರೆ. ಇದಕ್ಕಾಗಿಯೇ ಈ ನಾಲ್ಕು ಗುಂಡು ಮಾಡಿದ್ದು.

ಅಳತೆ ಹೀಗೆ. ಏಳು ಸೆಂ.ಮೀ. ಗುಂಡಿನ ಸುತ್ತಳತೆ 22 ಸೆಂ.ಮೀ. ಕಿತ್ತಳೆ ತೊಳೆಯ ಆಕಾರದ ಎಂಟು ತುಂಡು ಬೇಕು: ಒಂದೊಂದರ ಉದ್ದ 11, ನಡುವಿನ ಅಗಲ 2.75. ತೊಳೆಯ ಬಾಗು ಕಣ್ಣಳತೆಯಲ್ಲಿ ಬರುವುದಿಲ್ಲ, ಬಂದರೂ ಧ್ರುವದ ಹತ್ತಿರ ನೆರಿಗೆ ಬೀಳುತ್ತದೆ. ನಡುವಿನಿಂದ 1.8 ಸೆಂ.ಮೀ. ಮೇಲೆ ಅಗಲ 2.4 ಇರಬೇಕು, 3.7 ಸೆಂ.ಮೀ. ಮೇಲೆ 1.4 ಇರಬೇಕು, 5.5ರಲ್ಲಿ ಮೊನೆ. ಈ ಚುಕ್ಕೆಗಳನ್ನು ರಟ್ಟಿನ ಮೇಲೆ ಗುರುತಿಸಿ, ಬಾಗಾಗಿ ಸೇರಿಸಿ, ಕೆಳಗೂ ಹಾಗೇ ಮಾಡಿದರೆ ಅಚ್ಚು ಸಿದ್ಧ. ಹೊಲಿಗೆಗೆ ಸುತ್ತ ಅರ್ಧ ಸೆಂ.ಮೀ. ಬಿಡಬೇಕು.

ಅಂಟು ಹಾಕಲಿಲ್ಲ. ಮೈದಾ ಅಂಟಾದರೆ ಜಿರಳೆ ಬರುತ್ತದೆ. ಬಿಳಿ ಅಂಟನ್ನು ಒಂದು ಚೂರಿನ ಮೇಲೆ ಪರೀಕ್ಷಿಸಿದಾಗ ರೇಷ್ಮೆಯ ಆಚೆಗೆ ಇಳಿದು ಎಣ್ಣೆ ಕಲೆಯಂತೆ ಕೂತಿತು. ಪೂರ್ತಿ ಕೈಹೊಲಿಗೆ. ಕ್ರೇಪ್ ರೇಷ್ಮೆ ಮುಟ್ಟಿದರೆ ಜಾರುತ್ತದೆ, ಕತ್ತರಿಸಿದ ಅಂಚು ಎಳೆಎಳೆ ಬಿಡುತ್ತದೆ. ಕತ್ತರಿಸುವ ಮೊದಲು ಅಂಚಿನ ಗೆರೆಯ ಮೇಲೆ ಸಣ್ಣ ಓಟದ ಹೊಲಿಗೆ ಹಾಕಿಕೊಂಡರೆ ಹಿಡಿತಕ್ಕೆ ಬರುತ್ತದೆ. ಏಳು ಸಂದಿ ಹೊಲಿದು ಚೀಲ ಮಾಡಿ, ಉಂಡೆಗೆ ತೊಡಿಸಿ, ಎಂಟನೆಯ ಸಂದಿಯನ್ನು ಹೊರಗಿನಿಂದ ಕಾಣದ ಹೊಲಿಗೆಯಲ್ಲಿ ಮುಚ್ಚಬೇಕು. ಮೊದಲ ಗುಂಡಿಗೆ ಐದು ಗಂಟೆ ಹಿಡಿಯಿತು, ನಾಲ್ಕನೆಯದಕ್ಕೆ ಎರಡೂವರೆ. ನಡುವಿಗೆ ಜರಿಯಂಚಿನ ಪಟ್ಟಿ. ಮೊದಲನೆಯದು ಸ್ವಲ್ಪ ಸೊಟ್ಟಗಿದೆ. ಅದನ್ನು ನಾನೇ ಇಟ್ಟುಕೊಂಡೆ.

ಡಿಸೆಂಬರ್ 14, ಭಾನುವಾರ

ಗೋದಲಿಯ ಹೊಲಕ್ಕೆ ರಾಗಿ ಬಿತ್ತಿದೆ, ಹಳೆಯ ತಟ್ಟೆಯಲ್ಲಿ ಎರಡು ಬೆರಳು ಮಣ್ಣು. ಹತ್ತು ದಿನಕ್ಕೆ ಸರಿಯಾದ ಎತ್ತರ ಬರುತ್ತದೆ.

ಸಂಜೆ ಗುರುತಿನ ಪಟ್ಟಿಗಳ ಕೆಲಸ. ಅಂಟಿಸುವ ಚೀಟಿ ಕೆಲವು ವರ್ಷಕ್ಕೆ ಉದುರಿ ಕಲೆ ಉಳಿಸುತ್ತದೆ, ಪೆನ್ನಿನ ಶಾಯಿ ಮಾಸುತ್ತದೆ ಅಥವಾ ಹರಡುತ್ತದೆ. ಬಿಳಿ ಹತ್ತಿಯ ಲಾಡಿಯನ್ನು ಮೂರು ಬೆರಳುದ್ದ ಕತ್ತರಿಸಿ, ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಕುಣಿಕೆಗೆ ಕಟ್ಟಿದೆ. ವಿವರ ದಪ್ಪ ರಟ್ಟಿನ ಲೆಕ್ಕದ ಪುಸ್ತಕದಲ್ಲಿ. ಅಮ್ಮ ಹೇಳುತ್ತಾ ಹೋದರು, ಮಗಳು ಬರೆಯುತ್ತಾ ಹೋದಳು. ಅಮ್ಮ ಹೇಳಿದ ಮಾತನ್ನು ತಿದ್ದಬೇಡ, ಹೇಳಿದ ಹಾಗೇ ಬರೆ ಎಂದಿದ್ದೆ. ನಾಲ್ಕನೆಯ ಸಂಖ್ಯೆಯ ಎದುರು ಹೀಗಿದೆ: "ಹಸಿರು ಗುಂಡು. ಅಪ್ಪ ಬೆಂಗಳೂರಿನಿಂದ ತಂದದ್ದು, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಚನ್ನಪಟ್ಟಣದಲ್ಲಿ ಯಾರೋ ಪಕ್ಕದವರು ಕುಳಿತುಬಿಡುತ್ತಿದ್ದರು ಅದರ ಮೇಲೆ." ಏಳನೆಯದರ ಎದುರು: "ಭತ್ತದ ಧಾರಣೆ ಇರುವ ಗುಂಡು. ಒರೆಸಬೇಡಿ." ಒಂದೇ ಸಂಜೆಗೆ ಮುಗಿಯಲಿಲ್ಲ. ಅಮ್ಮ ದಣಿದರು, ನಾಳೆ ಹೇಳುತ್ತೇನೆ ಎಂದರು. ಮೂರು ಸಂಜೆ ಆಯಿತು.

ಇಡುವ ಪೆಟ್ಟಿಗೆ: ಬೂಟಿನ ರಟ್ಟಿನ ಡಬ್ಬಗಳಿಗೆ ಅಡ್ಡಗೋಡೆ ಹಾಕಿ ಗೂಡು ಮಾಡಿದೆ. ಸುದ್ದಿಪತ್ರಿಕೆ ಇನ್ನು ಬೇಡ. ಅದರ ಕಾಗದದಲ್ಲಿ ಹುಳಿ ಇದೆ. ಎದುರು ಮನೆಯ ಅಜ್ಜಿ ಕೊಟ್ಟ ಮಲ್ ಪಂಚೆಯನ್ನು ಗಂಜಿ ಹಾಕದೆ ಒಗೆದು ಚೌಕಗಳಾಗಿ ಕತ್ತರಿಸಿದ್ದೇನೆ. ನುಸಿಗುಳಿಗೆ ಇಲ್ಲ, ರಬ್ಬರ್ ಇಲ್ಲ. ಟ್ರಂಕು ಮತ್ತೆ ಅಟ್ಟ ಹತ್ತುವುದಿಲ್ಲ. ಏಪ್ರಿಲ್ ಬಿಸಿಲಿಗೆ ಹೆಂಚಿನ ಕೆಳಗೆ ಕೈ ಇಡಲಾಗುವುದಿಲ್ಲ. ಬಣ್ಣ ಹಕ್ಕಳೆ ಏಳುವುದಕ್ಕೆ ಆ ಸೆಕೆಯೂ ಕಾರಣ. ಅಮ್ಮನ ಕೋಣೆಯ ಬೀರುವಿನ ಕೆಳಗಿನ ಅಂಕಣದಲ್ಲಿ ಜಾಗ ಮಾಡಿದ್ದೇವೆ.

ಡಿಸೆಂಬರ್ 23, ಮಂಗಳವಾರ

ಸರ್ವೆ ಕೊಂಬೆ ಬಂತು. ನಮ್ಮಲ್ಲಿ ಎಂದಿನಿಂದಲೂ ಸರ್ವೆಯೇ ಕ್ರಿಸ್ಮಸ್ ಮರ. ಅದರ ಎಳೆ ತೆಳು, ಭಾರ ತಡೆಯುವುದಿಲ್ಲ; ಗಾಜಿನ ಗುಂಡುಗಳನ್ನೂ ಸೀಸೆಗಳನ್ನೂ ಕಾಂಡದ ಹತ್ತಿರ ಕಟ್ಟಿದೆವು. ರೇಷ್ಮೆ ಗುಂಡುಗಳು ತೂಕದವು, ಅವು ಬುಡದ ದಪ್ಪ ಕೊಂಬೆಗೆ. ತಗಡಿನ ನಕ್ಷತ್ರ ಬೀದಿ ಕಡೆಯ ಕಿಟಕಿಗೆ, ಅಪ್ಪ ಕಟ್ಟುತ್ತಿದ್ದ ಅದೇ ಮೊಳೆಗೆ. ಎದುರು ಮನೆಯ ಅಜ್ಜಿ ತಮ್ಮ ಜಗುಲಿಯಿಂದಲೇ ನೋಡಿ, ಇನ್ನೊಂದು ಗೆಣ್ಣು ಎತ್ತರಕ್ಕೆ ಕಟ್ಟು ಎಂದರು. ಕಟ್ಟಿದೆ.

ಕೊನೆಗೆ ಉಳಿದದ್ದು ಮಣ್ಣಿನ ಹಸು. ಬಲಗೊಂಬು ಇಲ್ಲ. ಜೇಡಿಮಣ್ಣು ಕಲಸಿ ಕೊಂಬು ಮಾಡಿ ಒಣಗಿಸಿಟ್ಟಿದ್ದೆ, ಬಣ್ಣವೂ ಹೊಂದಿತ್ತು. ಅಂಟಿಸಲು ಹೊರಟಾಗ ಅಮ್ಮ ಕೈ ಹಿಡಿದರು. ಆ ಕೊಂಬನ್ನು ಮುರಿದವನು ಅವರ ತಮ್ಮ. ಹಸುವಿಗೆ ರಾಗಿ ಪೈರು ತಿನ್ನಿಸಲು ಹೋಗಿ ಬೀಳಿಸಿದ್ದನಂತೆ. ಹೊಡೆತ ಬೀಳುತ್ತದೆಂದು ಹೆದರಿ ಸಂಜೆಯವರೆಗೆ ಚರ್ಚ್‌ನ ಹಿಂದೆ ಅಡಗಿ ಕುಳಿತಿದ್ದ. ಮಾವ ಹೋಗಿ ಇಪ್ಪತ್ತು ವರ್ಷವಾಯಿತು.

ಮಾಡಿದ ಕೊಂಬನ್ನು ನಾಲ್ಕನೆಯ ಹೋಮಿಯೋಪತಿ ಸೀಸೆಯಲ್ಲಿ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಹಸುವನ್ನು ರಾಗಿ ಪೈರಿನ ಪಕ್ಕದಲ್ಲಿ, ಮುಖ ಹಸಿರಿನ ಕಡೆಗೆ ಮಾಡಿ ನಿಲ್ಲಿಸಿದೆವು. ಪುಸ್ತಕದ 24ನೆಯ ಸಂಖ್ಯೆಯ ಎದುರು ಮಗಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಅಮ್ಮ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ತಾವೇ ಬರೆದರು: "ಹಸು. ಒಂದೇ ಕೊಂಬು. ತಮ್ಮ, ಆರು ವರ್ಷ."